ಸಾತ್ವಿಕಾಳ ಬಲಗೈ

ಬಾಡಿಸಿದ ಬಾಳೆಲೆಯ ಪರಿಮಳ! ಪ್ರಾಪ್ತಿ ಹಿಂದಕ್ಕೆ ತಿರುಗಿ ನೋಡಿದಳು. ಅಂಗನವಾಡಿಗೆ ಹೋಗುತ್ತಿದ್ದಾಗ ಅಜ್ಜಿ ಕಟ್ಟಿಕೊಡುತ್ತಿದ್ದ ಬುತ್ತಿಗೂ ಇದೇ ಪರಿಮಳವಿತ್ತು. ಮೈದಾನದ ಬೇಲಿಗೆ ಯಾರೋ ತೂಗುಹಾಕಿದ ಬಟ್ಟೆಯ ಚೀಲದಿಂದ ಅದು ಬರುತ್ತಿತ್ತು.

“ಏ ಪ್ರಾಪ್ತಿ, ಎಲ್ಲಿ ನೋಡ್ತಿದ್ದಿ? ಅವಳನ್ನು ಕರೆ ಮಾರಾಯ್ತಿ!” ಗೋಲ್‌ಕೀಪರ್ ಅಶ್ವಿತಣ್ಣ ಕೂಗಿದ.

ಪ್ರಾಪ್ತಿ ತಟ್ಟನೆ ಮುಂದೆ ನೋಡಿದಳು. ಗೆಜ್ಜೆಯ ಚೆಂಡು ಝಣ ಝಣ ಎನ್ನುತ್ತ ಬರುತ್ತಿತ್ತು. ಅದರ ಜೊತೆಗೇ ಸಾತ್ವಿಕಾ ಓಡಿಬರುತ್ತಿದ್ದಳು.

ತೋಡಾರಿನ ಫುಟ್‌ಬಾಲ್ ಕ್ಲಬ್ಬಿನವರು ತಿಂಗಳಿಗೊಂದು ಭಾನುವಾರ ತಮ್ಮ ಮೈದಾನವನ್ನು ಬೇರೆಯವರಿಗೆ ಬಿಟ್ಟುಕೊಡುತ್ತಾರೆ. ಗಾಲಿಕುರ್ಚಿಯವರು ಬರುತ್ತಾರೆ. ಕಣ್ಣು ಕಾಣದವರು ಬರುತ್ತಾರೆ. ಅವರೆಲ್ಲ ಆಡುತ್ತಾರೆ. ಕ್ಲಬ್ಬಿನವರು ಚೆಂಡು ಹೆಕ್ಕಿಕೊಡುತ್ತಾರೆ.

ಸಾತ್ವಿಕಾಳಿಗೆ ಹುಟ್ಟಿನಿಂದಲೇ ಕಣ್ಣು ಕಾಣುವುದಿಲ್ಲ. ಅವಳು ಬೆಳ್ತಂಗಡಿಯಿಂದ ಎರಡು ಬಸ್ಸು ಹತ್ತಿ ಅಪ್ಪನೊಡನೆ ಬರುತ್ತಾಳೆ. ಗೋಲಿನ ಹಿಂದೆ ನಿಂತು ಅವಳಿಗೆ ದಿಕ್ಕು ಹೇಳಲು ಒಬ್ಬರು ಬೇಕು. ಇವತ್ತು ಆ ಕೆಲಸವನ್ನು ಪ್ರಾಪ್ತಿ ತಾನಾಗಿಯೇ ಕೇಳಿ ಪಡೆದಿದ್ದಳು.

“ಇವಳ ಸ್ವರ ಸಾಕು. ಮೀನಿನ ಟೆಂಪೋದ ಹಾರ್ನಿನ ಹಾಗೆ ಉಂಟು,” ಎಂದು ಅಶ್ವಿತಣ್ಣ ನಕ್ಕಿದ್ದ.

“ಬಲಕ್ಕೆ! ಸಾತ್ವಿಕಾ, ಬಲಕ್ಕೆ ಬಾ!” ಪ್ರಾಪ್ತಿ ಗಂಟಲು ಹರಿಯುವ ಹಾಗೆ ಕೂಗಿದಳು.

ಸಾತ್ವಿಕಾ ಕೂಡಲೇ ಬಲಕ್ಕೆ ತಿರುಗಿದಳು. ಟಣ್! ಗೋಲಿನ ಕಬ್ಬಿಣದ ಕಂಬಕ್ಕೆ ಅವಳ ಮುಖ ಬಡಿಯಿತು.

ಎಲ್ಲರೂ ಓಡಿಬಂದರು. ಸಾತ್ವಿಕಾಳ ತುಟಿ ಒಡೆದು ರಕ್ತ ಬರುತ್ತಿತ್ತು.

“ನಾನು ಸರಿಯಾಗೇ ಹೇಳಿದ್ದು ಸರ್,” ಎಂದಳು ಪ್ರಾಪ್ತಿ.

ಕೋಚ್ ಹಸೈನಾರ್ ಸರ್ ಬೈಯಲಿಲ್ಲ. ಅವಳ ಎದುರಿಗೆ ಬಂದು ನಿಂತರು. “ನಿನ್ನ ಬಲಗೈ ಎತ್ತು,” ಎಂದರು. ತಾವೂ ತಮ್ಮ ಬಲಗೈ ಎತ್ತಿದರು.

ಪ್ರಾಪ್ತಿ ನೋಡಿದಳು. ಅವಳ ಕೈ ರಸ್ತೆಯ ಕಡೆಗಿತ್ತು. ಸರ್ ಕೈ ಶಾಲೆಯ ಕಡೆಗಿತ್ತು.

ತಾನು ಕೂಗಿದ್ದು ತನ್ನದೇ ಬಲವನ್ನು! ಎದುರಿನಿಂದ ಬರುವವಳ ಬಲ ಯಾವುದೆಂದು ಅವಳು ಯೋಚಿಸಿಯೇ ಇರಲಿಲ್ಲ.

ಸಾತ್ವಿಕಾಳ ಅಪ್ಪ ಧರ್ಣಪ್ಪ ಬೇಲಿಯಿಂದ ಚೀಲ ಇಳಿಸಿಕೊಂಡರು. “ಸಾಕು ಮಗಾ, ಮನೆಗೆ ಹೋಗುವ. ನಿನ್ನ ಅಮ್ಮ ಕೇಳಿದರೆ ನಾನು ಎಂತ ಹೇಳಲಿ? ಇನ್ನು ಈ ಆಟವೇ ಬೇಡ.”

“ಒಂದು ಗೋಲ್ ಹಾಕದೆ ನಾನು ಬರುವುದಿಲ್ಲ ಅಪ್ಪ.”

“ಹಾಗಾದರೆ ಕರೆಯಲಿಕ್ಕೆ ಬೇರೆ ಯಾರಾದರೂ ನಿಲ್ಲಲಿ.”

ಪ್ರಾಪ್ತಿ ಮೆಲ್ಲನೆ ಹಿಂದೆ ಸರಿದಳು. ಓಡಿಹೋಗಿ ಎಲ್ಲಾದರೂ ಅಡಗಿಕೊಳ್ಳಬೇಕು ಅನಿಸಿತು.

“ಬೇಡ, ಅವಳೇ ಇರಲಿ,” ಎಂದಳು ಸಾತ್ವಿಕಾ, ಲಂಗದ ಅಂಚಿನಲ್ಲಿ ತುಟಿ ಒರೆಸಿಕೊಳ್ಳುತ್ತ. “ಅವಳ ಸ್ವರ ಎಷ್ಟು ದೂರಕ್ಕೂ ಕೇಳ್ತದೆ. ಈಗ ಅವಳಿಗೆ ಗೊತ್ತಾಯ್ತಲ್ಲ?”

ಧರ್ಣಪ್ಪ ಚೀಲವನ್ನು ಎದೆಗೆ ಒತ್ತಿಕೊಂಡು ಗೆರೆಯ ಆಚೆ ನಿಂತರು.

ಪ್ರಾಪ್ತಿ ಮತ್ತೆ ಗೋಲಿನ ಹಿಂದೆ ಬಂದಳು. ಎಡಗೈಯನ್ನು ಬಿಗಿಯಾಗಿ ಮುಷ್ಟಿ ಕಟ್ಟಿದಳು. ಇದು ಸಾತ್ವಿಕಾಳ ಬಲಗೈ, ಇದು ಸಾತ್ವಿಕಾಳ ಬಲಗೈ.

ಮೈದಾನ ನಿಶ್ಶಬ್ದವಾಯಿತು. ಗೆಜ್ಜೆ ಕೇಳಬೇಕಾದರೆ ನೋಡುವವರು ಉಸಿರೆತ್ತಬಾರದು. ಗಾಲಿಕುರ್ಚಿಯಲ್ಲಿ ಕುಳಿತು ಬೆಳಗಿನಿಂದ ಹರಟುತ್ತಿದ್ದ ಅಮ್ಮಣ್ಣಿಯಕ್ಕ ಕೂಡ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಝಣ ಝಣ. ಚೆಂಡು ಉರುಳಿತು. “ಬತ್ತೆ, ಬತ್ತೆ,” ಎನ್ನುತ್ತ ಎದುರು ತಂಡದವನು ಅಡ್ಡ ಬಂದ. ಡಿಕ್ಕಿಯಾಗದಿರಲು ಇಲ್ಲಿ ಎಲ್ಲರೂ ‘ಬಂದೆ’ ಎಂದು ತುಳುವಿನಲ್ಲಿ ಹೇಳುತ್ತಲೇ ಓಡಬೇಕು. ಸಾತ್ವಿಕಾ ಅಂಗಾಲಿನಿಂದ ಚೆಂಡನ್ನು ಹಿಡಿದಳು, ಕತ್ತು ವಾಲಿಸಿ ಕೇಳಿದಳು, ಪಕ್ಕಕ್ಕೆ ಜಾರಿದಳು. ಅವನು ಗಾಳಿಯನ್ನು ಒದ್ದು ಮುಂದೆ ಹೋದ!

ಈಗಷ್ಟೇ ಕಂಬಕ್ಕೆ ಬಡಿದವಳು, ಅದೇ ಕಂಬದತ್ತ, ಅದೇ ವೇಗದಲ್ಲಿ ಓಡಿಬರುತ್ತಿದ್ದಳು. ಪ್ರಾಪ್ತಿಯ ಸ್ವರವೊಂದನ್ನೇ ನಂಬಿಕೊಂಡು.

ಪ್ರಾಪ್ತಿ ತನ್ನ ಮುಷ್ಟಿಯ ಕಡೆ ನೋಡಿ ಕೂಗಿದಳು: “ಬಲಕ್ಕೆ ಸ್ವಲ್ಪ! ಸಾಕು. ಹೊಡಿ!”

ಚೆಂಡು ಅಶ್ವಿತಣ್ಣನ ಕೈ ತಪ್ಪಿಸಿ ಬಲೆಯೊಳಗೆ ಬಿತ್ತು. ಗೆಜ್ಜೆ ಒಮ್ಮೆ ಝಣ್ ಎಂದು ಸುಮ್ಮನಾಯಿತು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಎಲ್ಲರೂ ಬಾಯಿ ತೆರೆದು ನಿಂತಿದ್ದರು.

“ಎಂತಾಯ್ತು? ಹೊರಗೆ ಹೋಯ್ತಾ?” ಸಾತ್ವಿಕಾ ಗಾಬರಿಯಿಂದ ಕೇಳಿದಳು.

ಪ್ರಾಪ್ತಿ ಬಾಯಿ ತೆರೆದಳು. ಟೆಂಪೋ ಹಾರ್ನಿನಂಥ ಸ್ವರ ಎಲ್ಲಿಗೆ ಹೋಯಿತೋ! ಓಡಿಹೋಗಿ ಅವಳ ಎರಡೂ ಕೈ ಹಿಡಿದು ಪಿಸುಗುಟ್ಟಿದಳು, “ಗೋಲ್, ಸಾತ್ವಿಕಾ. ಗೋಲ್.”

ಆಮೇಲೆ ಮೈದಾನವೇ ಕೂಗಿತು.

ಊಟದ ಹೊತ್ತಿಗೆ ಎಲ್ಲರೂ ಮರದ ನೆರಳಿನಲ್ಲಿ ಬುತ್ತಿ ಬಿಚ್ಚಿದರು. ಪ್ರಾಪ್ತಿ ಏನೂ ತಂದಿರಲಿಲ್ಲ. ದೂರದಲ್ಲಿ ಕುಳಿತು ಸಾತ್ವಿಕಾಳ ಊದಿದ ತುಟಿಯನ್ನೇ ನೋಡುತ್ತಿದ್ದಳು. ಪ್ರಾಪ್ತಿಯ ಎಡಗೈ ಮತ್ತೆ ಮುಷ್ಟಿ ಕಟ್ಟಿಕೊಂಡಿತ್ತು.

ಧರ್ಣಪ್ಪ ಚೀಲದಿಂದ ಬಾಳೆಲೆಯ ಎರಡು ಕಟ್ಟುಗಳನ್ನು ತೆಗೆದರು. ಒಂದನ್ನು ಬಿಚ್ಚಿ ತಮಗೂ ಮಗಳಿಗೂ ನಡುವೆ ಇಟ್ಟರು. ಇನ್ನೊಂದನ್ನು ಹಿಡಿದುಕೊಂಡು ಎದ್ದು ಬಂದರು. ಪ್ರಾಪ್ತಿಯ ಮುಷ್ಟಿ ಬಿಡಿಸಿ, ಅವಳ ಎರಡೂ ಕೈಗಳನ್ನು ಸೇರಿಸಿ, ಆ ಬುತ್ತಿಯನ್ನು ಅವುಗಳ ಮೇಲಿಟ್ಟರು.