ಎರಡನೇ ಸಾಲನ್ನು ಟ್ರಾಲಿ ಹಾಡಬೇಕು!

"ನಿಲ್ಲಸ್ರೀ!"

ನರೇಗಲ್ ರಸ್ತೆಯ ನಡುವೆ ಕೈ ಅಡ್ಡ ಹಿಡಿದು ನಿಂತಿದ್ದಳು ದೇವಿಕಾ. ಯಾವಗಲ್ಲ ಊರಿನ ದುರಗೇಶ ಗಕ್ಕನೆ ಟ್ರ್ಯಾಕ್ಟರ್ ನಿಲ್ಲಿಸಿದ. ಟ್ರಾಲಿಯಲ್ಲಿದ್ದ ಕಳೆ ತೆಗೆಯುವ ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದರು. ಸ್ಪೀಕರಿನ ಜಾನಪದ ಹಾಡು ಮಾತ್ರ ಬಡಿಯುತ್ತಲೇ ಇತ್ತು.

'ಸೌಂಡ್ ಜಾಸ್ತಿ ಆತಂತ ಬೈಯಾಕ ಬಂದಾಳ...' ಅವನ ಎದೆ ಧಸಕ್ಕೆಂದಿತು. ಎಷ್ಟು ಚೆಂದದ ಸಿಟ್ಟು!

"ಬಂದ್ ಮಾಡ್ತೀನ್ರಿ ಅಕ್ಕಾರ..."

"ಬ್ಯಾಡ್ರಿ! ಮೊದಲಿಂದ ಹಚ್ರಿ!"

ಪ್ರೇಮಕಥೆ 'ಅಕ್ಕಾರ' ಎಂದು ಶುರುವಾಗುವುದು ಶುಭಶಕುನವಲ್ಲ. ಆದರೂ ಶುರುವಾಯಿತು!

ದೇವಿಕಾಳಿಗೆ ಹಾಡು ಬರೆಯುವ ಹುಚ್ಚು. ಟ್ರ್ಯಾಕ್ಟರ್‌ಗಳಲ್ಲಿ ಮೊಳಗುವ ಹಾಡು ಜನರ ಬಾಯಿಗೆ ಯಾಕೆ ಅಂಟುತ್ತದೆಂದು ಬಿಚ್ಚಿ ನೋಡುವ ಆಸೆ. ಹುಚ್ಚವ್ವ ಚಿಗವ್ವನ ಜೊತೆ ತಾನೂ ಕಳೆ ತೆಗೆಯಲು ಅದೇ ಟ್ರಾಲಿ ಹತ್ತತೊಡಗಿದಳು.

"ನೋಡ್ರಿ, ಹಿಟ್ ಹಾಡಿನಾಗ ಒಂದ ಊರಿನ ಹೆಸರ ಇರತೈತಿ. ಕೈಲೆ ಮುಟ್ಟೂವಂಥಾ ಒಂದ ಸಾಮಾನ ಇರತೈತಿ. ಬಳಿ, ಟಾವೆಲ್, ಚಾದ ಕಪ್ಪ..."

"ಎರಡನೇ ಸಾಲ ಟ್ರಾಲಿ ತಾನ ಹಾಡಬೇಕ್ರಿ," ಎಂದ ದುರಗೇಶ. "ಇಲ್ಲಂದ್ರ ಹಿಟ್ ಅಲ್ಲ."

"ಮತ್ತ ಹುಡುಗಿ ಮೋಸ ಮಾಡಲೇಬೇಕು!" ಹುಚ್ಚವ್ವ ನಕ್ಕಳು.

ಈ ಹಾಡುಗಳನ್ನು ನಂಬಿದರೆ ರೋಣ ತಾಲೂಕಿನಲ್ಲಿ ಇದುವರೆಗೆ ಒಂದು ಮದುವೆಯೂ ಆಗಿರಲಿಕ್ಕಿಲ್ಲ!

'ಈ ಸಲ ಹುಡುಗ ಮೋಸ ಮಾಡಲಿ!' ಎಂದುಕೊಂಡು ದೇವಿಕಾ ಬರೆದೇಬಿಟ್ಟಳು. ದುರಗೇಶನದು ಒಳ್ಳೆಯ ಕಂಠ. ಭಾನುವಾರ ಗಜೇಂದ್ರಗಡದ ಸ್ಟುಡಿಯೋದಲ್ಲಿ ಅವನೇ ಹಾಡುವುದೆಂದು ಮಾತಾಗಿತ್ತು.

*ಬೆಳವಣಕಿ ಬಸ್ ಹತ್ತಿ ಹೋದ್ಯಲ್ಲೊ ಗೆಳೆಯಾ,*
*ಆರಿತಲ್ಲೊ ನಾ ಹಿಡಿದ ಚಾ...*

ಓದುತ್ತ ಓದುತ್ತ ಅವನ ಮುಖವೂ ಆರಿತು. 'ಬೆಳವಣಕಿಯಾಗ ಅಕಿಗೆ ಯಾರೋ ಇದ್ದಾನ...'

"ನಾ ಬರಾಂಗಿಲ್ರಿ ಅಕ್ಕಾರ. ಬ್ಯಾರೆಯವರ ಕಡೆ ಹಾಡಸ್ರಿ."

'ಅಷ್ಟು ಕೆಟ್ಟ ಬರದೀನೇನ?' ದೇವಿಕಾಳ ಕಣ್ಣು ತುಂಬಿತು. ಹಾಡು ಹೋದರೆ ಹೋಗಲಿ... ಅವನೂ ಹೋದನಲ್ಲ!

ಹುಚ್ಚವ್ವ ಅವಳ ತಲೆಗೆ ಮೊಟಕಿದಳು. "ಹುಚ್ಚಿ! ಭಾಳ ಚಲೋ ಬರದಿ, ಅದಕ್ಕ ಅಂವ ಖರೇ ಅಂತ ನಂಬ್ಯಾನ. ಬೆಳವಣಕಿಯವ ಯಾರು ಅಂತ ನನ್ನ ಕೇಳಿದ!"

"ಯಾರೂ ಇಲ್ಲ ಚಿಗವ್ವಾ! ತಾಳಕ್ಕ ಐದ ಅಕ್ಷರದ ಊರ ಬೇಕಾಗಿತ್ತ. ಯಾವಗಲ್ಲ ಕೂಡಲಿಲ್ಲ!"

"ಅದ ಅಂವನ ಊರು. ಕೂಡಸು!"

ಮರುದಿನ ಸಂಜೆ ಕುರಿಹಿಂಡು ಅಡ್ಡ ಬಂದಿತೆಂದು ದುರಗೇಶ ಎಂಜಿನ್ ಬಂದ್ ಮಾಡಿದ. ಹಿಂದಿನಿಂದ ನಡುಗುವ ದನಿಯೊಂದು ಎದ್ದಿತು.

*"ಯಾವಗಲ್ಲ ಡ್ರೈವರ ಮಾವ, ತಿರುಗಿ ಒಮ್ಮಿ ನೋಡೊ..."*

ಹಗಲೆಲ್ಲ ಹೊಲದಲ್ಲಿ ಕೇಳಿ ಕಲಿತಿದ್ದ ಎರಡನೇ ಸಾಲನ್ನು ಇಡೀ ಟ್ರಾಲಿ ಎತ್ತಿಕೊಂಡಿತು.

*"ಒಂದ ಲೈಟಿನ ಟ್ರ್ಯಾಕ್ಟರದಾಗ ನನಗೂ ಜಾಗಾ ಮಾಡೊ!"*

ಒಂದು ಲೈಟು ಕೆಟ್ಟುಹೋದ ಟ್ರ್ಯಾಕ್ಟರ್ ಅವನದೇ. ಊರೂ ಅವನದೇ. ತಿರುಗಿ ನೋಡಿದ... ದೇವಿಕಾ ಕೆಂಪಾಗಿ ನಿಂತಿದ್ದಳು.

"ಬೆಳವಣಕಿಯವ...?"

"ಹುಟ್ಟೇ ಇಲ್ಲ! ಅಂವ ತಾಳಕ್ಕ ಬಂದಾಂವ. ನೀವು ಮನಸಿಗೆ ಬಂದೀರಿ."

ಕುರಿಗಳು ಯಾವಾಗಲೋ ದಾಟಿದ್ದವು. ಟ್ರ್ಯಾಕ್ಟರ್ ಮಾತ್ರ ನಿಂತೇ ಇತ್ತು.

"ಇದರಾಗ ಯಾರೂ ಮೋಸ ಮಾಡಿಲ್ಲಲ್ಲ... ಹಿಟ್ ಆಗತೈತೇನ?" ಕೇಳಿದ ದುರಗೇಶ.

"ಟ್ರಾಲಿ ಹಾಡಿತಲ್ಲ! ಭಾನುವಾರ ಬರ್ತೀರಿಲ್ಲೊ?"

"ಬರ್ತೀನ್ರಿ ಅಕ್ಕಾ..."

"ಏನಂದ್ರಿ?!"

ತನ್ನ ಪಕ್ಕದ ಮಡ್‌ಗಾರ್ಡ್ ಮೇಲಿನ ಧೂಳನ್ನು ಟಾವೆಲಿನಿಂದ ಒರೆಸಿ, ಮೆಲ್ಲಗೆ ಅಂದ.

"ಬಾ... ದೇವಿಕಾ."