ಎದೆಯ ಮೇಲಿನ ಕೈಗಳು

ಇಂಡೋನೇಷ್ಯಾದ ಸೆಮರಾಂಗಿನ ಆಸ್ಪತ್ರೆಯೊಂದರಲ್ಲಿ ನಾನು ನರ್ಸ್ ಆಗಿದ್ದಾಗ ನಡೆದದ್ದಿದು. ಹೆಂಡತಿಯ ಜೊತೆ ಸೋಯಾ ಕಾಳು ನೆನೆಸಿ, ಅದುಮಿ, ಟೆಂಪೆ ಎಂಬ ತಿನಿಸು ಮಾಡಿ ಮಾರುತ್ತಿದ್ದ ವಾರ್ಸಿತೊ ಅವರಿಗೆ ಹೃದಯದ ಆಪರೇಷನ್ ಆಗಿ, ಸೀಳಿದ ಎದೆಮೂಳೆಯನ್ನು ಉಕ್ಕಿನ ತಂತಿಯಿಂದ ಬಿಗಿದಿದ್ದರು. ಅವರಿಗೆ ಎಚ್ಚರವಾಗುವ ಮೊದಲೇ ಹೆಂಡತಿ ತುಕಿನೆಂ ಮನೆಯಲ್ಲಿ ಕುಸಿದು ತೀರಿಕೊಂಡರು. ಸದ್ಯಕ್ಕೆ ಹೇಳಬೇಡಿ ಎಂದರು ಡಾಕ್ಟರು.

ಮಧ್ಯಾಹ್ನ ಅವರು ಕಣ್ಣು ಬಿಟ್ಟಾಗ ನೋವಿನ ಇಂಜೆಕ್ಷನ್ ಹಿಡಿದು ಹೋದೆ.

"ಬೇಡಮ್ಮ, ನೋವೇ ಇಲ್ಲ. ಇವಳು, ನನ್ನ ಹೆಂಡ್ತಿ, ಎರಡೂ ಕೈಲಿ ಒತ್ತಿ ಹಿಡ್ಕೊಂಡಿದಾಳಲ್ಲ. ಕೈ ಮಾತ್ರ ಯಾಕೋ ತಣ್ಣಗಿದೆ."

ಹಾಗೆನ್ನುತ್ತಲೇ ಕೆಮ್ಮಿದರು. ಎದೆ ಹೊಲಿಸಿಕೊಂಡವರು ಕೆಮ್ಮಿದರೆ ಜೀವ ಹೋದಂತಾಗುತ್ತದೆ, ಇವರು ನಕ್ಕರು. "ಟೆಂಪೆ ಅದುಮಿದ ಹಾಗೆ ಅದುಮಬೇಡ ಕಣೇ."

ಬ್ಯಾಂಡೇಜು ಮುಟ್ಟಿ ನೋಡಿದೆ. ಮೈಯೆಲ್ಲ ಬೆಚ್ಚಗಿತ್ತು, ಅಲ್ಲಿ ಮಾತ್ರ ಕೊರೆಯುವಷ್ಟು ತಣ್ಣಗೆ. ನೆನೆಸಿಟ್ಟ ಕಾಳಿನ ವಾಸನೆ ಬಂತು.

ಸಂಜೆ ಇದ್ದಕ್ಕಿದ್ದಂತೆ ಅವರು ನರಳಿದ್ದು ಕೇಳಿ ಓಡಿದೆ. ಮಾರ್ಫಿನ್ ಕೊಟ್ಟರೂ ನೋವು ಇಳಿಯಲಿಲ್ಲ.

"ಕೈ ತೆಗೆದುಬಿಟ್ಲು," ಎಂದು ಮಗುವಿನಂತೆ ಅತ್ತರು. "ಹೊತ್ತಾಯ್ತಂತೆ."

ಮಗಳು ರುಕ್ಮಿ ಬಾಗಿಲಾಚೆ ನಿಂತಿದ್ದಳು. ಫೋನು ಕೆಳಗಿಳಿಸಿ, ನನಗಷ್ಟೇ ಕೇಳುವಂತೆ ಹೇಳಿದಳು:

"ಅಣ್ಣ ಫೋನ್ ಮಾಡಿದ್ದ, ಸಿಸ್ಟರ್. ಈಗ ತಾನೇ ಅಮ್ಮಂಗೆ ಮಣ್ಣು ಕೊಟ್ರಂತೆ."