ಕಾರು ಮರೆತ ಕೀ

ಮಂಗಳವಾರ, ನವೆಂಬರ್ 18, 2025. ಮಧ್ಯಾಹ್ನ 1 ಗಂಟೆ 50 ನಿಮಿಷ. ಚಾಮರಾಜನಗರ ಪಟ್ಟಣ ಠಾಣೆಗೆ ಬಂದ ಸುನೀಲ್ ಕುಮಾರ್ ದೂರು ಹೇಳುವುದಕ್ಕೆ ಮೊದಲು ಒಂದು ಕುರ್ಚಿ ಕೇಳಿದ. ಕುರ್ಚಿ ಅವನಿಗಲ್ಲ, ಅವನ ತೋಳಿಗೆ ಒರಗಿ ನಿಂತಿದ್ದ ತಾಯಿ ರಾಚಮ್ಮನಿಗೆ. ಆಕೆ ಅರ್ಧ ಗಂಟೆಯ ಹಿಂದಷ್ಟೇ ಡಯಾಲಿಸಿಸ್ ಮುಗಿಸಿಕೊಂಡು ಹೊರಗೆ ಬಂದಿದ್ದರು. ಹೊರಗೆ ಬಂದು ನೋಡಿದರೆ ಕಾರು ಇರಲಿಲ್ಲ.

ಸಬ್‌ಇನ್ಸ್‌ಪೆಕ್ಟರ್ ಮೃತ್ಯುಂಜಯ ಊಟದ ಡಬ್ಬಿಯ ಮುಚ್ಚಳ ಮತ್ತೆ ಹಾಕಿದರು. ಬೆಳಗಿನಿಂದ ಅದು ಮೂರನೇ ಸಲ.

"ಎಲ್ಲಿ ನಿಲ್ಲಿಸಿದ್ರಿ?"

"ಆಸ್ಪತ್ರೆ ಹಿಂದ್ಗಡೆ ರಸ್ತೆ ಸಾರ್, ಹೊಂಗೆ ಮರದ ಕೆಳ್ಗೆ. ಯಾವಾಗ್ಲೂ ಅಲ್ಲೇ ನಿಲ್ಸದು. ಅವ್ವನ್ನ ಒಳಗೆ ಬುಟ್ಟು ನಾನು ಆಫೀಸಿಗೆ ಓಯ್ತಿನಿ." ಸುನೀಲ್ ಉಮ್ಮತ್ತೂರಿನವನು, ಪಟ್ಟಣದ ವಿದ್ಯುತ್ ಕಚೇರಿಯಲ್ಲಿ ಸಹಾಯಕ.

"ಲಾಕ್ ಮಾಡಿದ್ರಾ?"

"ಮಾಡಿದ್ದೆ. ಕೈಯಲ್ಲೇ, ಕೀ ತಿರುಗಿಸಿ. ರಿಮೋಟ್ ಕೆಲ್ಸ ಮಾಡಲ್ಲ. ಒತ್ತುದ್ರೆ ಬಾಗಿಲು ತೆಗಿಯಲ್ಲ, ಹಾಕಲ್ಲ. ಗಾಡಿ ಮಾತ್ರ ಸ್ಟಾರ್ಟ್ ಆಯ್ತದೆ."

"ಎರಡನೇ ಕೀ ಎಲ್ಲಿದೆ?"

"ಕೊಡ್ಲೇ ಇಲ್ಲ ಸಾರ್. ಗುಂಡ್ಲುಪೇಟೆ ಡೀಲರ್ ಹತ್ರ ತಗಂಡ ಸೆಕೆಂಡ್ ಹ್ಯಾಂಡ್ ಗಾಡಿ. ಒಂದು ಕೀ ಕಳ್ದೋಗದೆ ಅಂದ್ರು."

ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದ ರಾಚಮ್ಮ ಬಾಯಿ ತೆರೆದರು. "ಗುರುವಾರ ಒಂಬತ್ತು ಗಂಟ್ಗೆ ಮತ್ತೆ ಬರ್ಬೇಕು ಕಣಪ್ಪ. ಬಸ್ಸಲ್ಲಿ ಬರೋವಾಗ ಎಂಗೋ ತಡ್ಕತಿನಿ. ವಾಪಸ್ ಓಗೋವಾಗ ತಲೆ ಗಿರ್ ಅಂತದೆ. ಒಂದ್ಸಲ ಮೆಟ್ಲಿಂದ ಬಿದ್ದು ಕೈ ಮುರ್ಕಂಡಿವ್ನಿ. ಅದ್ಕೇ ಮಗ ಕಾರು ತಂದ್ದು. ನನ್ನ ಆಸ್ಪತ್ರೆ ಫೈಲೂ ಅದ್ರಲ್ಲೇ ಓಯ್ತು."

ಮೃತ್ಯುಂಜಯ ಸುನೀಲನ ಕೈಯಿಂದ ಕೀ ಇಸಿದುಕೊಂಡು ಒತ್ತಿದರು. ಠಾಣೆಯೊಳಗೆ ಕೂತು ಒತ್ತಿದರೆ ಏನೂ ಆಗುವುದಿಲ್ಲ ಎಂದು ಗೊತ್ತಿದ್ದೂ ಇನ್ನೊಮ್ಮೆ ಒತ್ತಿದರು. ಅವರ ಕೈಗೆ ಸುಮ್ಮನಿರುವ ಅಭ್ಯಾಸವಿಲ್ಲ. 2.30ಕ್ಕೆ ಭಾರತೀಯ ನ್ಯಾಯ ಸಂಹಿತೆ ಕಲಂ 303(2)ರ ಅಡಿ ಎಫ್‌ಐಆರ್ ದಾಖಲಾಯಿತು. ತಾಯಿ ಮಗ ಇಬ್ಬರನ್ನೂ ಠಾಣೆಯ ಜೀಪಿನಲ್ಲಿ ಉಮ್ಮತ್ತೂರಿಗೆ ಬಿಟ್ಟು ಬರಲು ಮೃತ್ಯುಂಜಯ ಹೇಳಿದರು. ಇದು ನಿಯಮದಲ್ಲಿಲ್ಲ, ಆದರೆ ಆ ಹೆಂಗಸಿನ ಮುಖ ನೋಡಿದ ಮೇಲೆ ನಿಯಮ ನೆನಪಾಗುವುದೂ ಕಷ್ಟ.

3.15ಕ್ಕೆ ಸ್ಥಳ ಪಂಚನಾಮೆ. ಎಳನೀರು ಮಾರುವವನೂ ಮೆಡಿಕಲ್ ಶಾಪಿನವನೂ ಪಂಚರು. ಒಡೆದ ಗಾಜಿನ ಚೂರಿಲ್ಲ, ಎಳೆದಾಡಿದ ಗುರುತಿಲ್ಲ. ಹೊಂಗೆ ಮರದ ಬುಡದಲ್ಲಿ ಒಂದು ಜೊತೆ ಹೆಂಗಸರ ಚಪ್ಪಲಿ. ಕೆಂಗಂದು ಬಣ್ಣ, ಎಡಗಾಲಿನ ಪಟ್ಟಿಗೆ ಕಪ್ಪು ದಾರದ ಹೊಲಿಗೆ.

ಹೆಡ್ ಕಾನ್‌ಸ್ಟೆಬಲ್ ನಾಗಮಣಿ ಅದನ್ನೂ ಬರೆದುಕೊಳ್ಳತೊಡಗಿದಳು.

"ಆಸ್ಪತ್ರೆ ರಸ್ತೇಲಿ ಚಪ್ಪಲಿ ಸಿಗದೆ ಇನ್ನೇನ್ರೀ ಸಿಗುತ್ತೆ? ಬಿಡಿ ಅದನ್ನ. ಬಾಗಿಲ ಗುರುತು ನೋಡಿ," ಎಂದರು ಮೃತ್ಯುಂಜಯ.

"ಬಿದ್ದಿರೋ ಚಪ್ಪಲಿ ಅಲ್ಲ ಸಾ. ಜೊತೆ ಸೇರ್ಸಿ ನೆಟ್ಟಗೆ ಬುಟ್ಟವ್ರೆ. ದೇವಸ್ಥಾನದ ಮುಂದೆ ಬುಡೋ ಹಂಗೆ."

"ಹಾಗಾದ್ರೆ ಕಳ್ಳ ದೇವಸ್ಥಾನಕ್ಕೆ ಹೋದ ಅಂತ ಬರೀರಿ."

ನಾಗಮಣಿ ನಕ್ಕಳು, ಆದರೆ ಚಪ್ಪಲಿಯನ್ನು ಕವರಿಗೆ ಹಾಕಿ ಪಂಚರ ಸಹಿ ತೆಗೆದುಕೊಳ್ಳುವುದನ್ನು ಬಿಡಲಿಲ್ಲ. ಇಪ್ಪತ್ತು ವರ್ಷ ಸರ್ವಿಸಿನಲ್ಲಿ ಅವಳು ಸಾಹೇಬರುಗಳ ತಮಾಷೆ ಕೇಳಿದ್ದಾಳೆ, ಕೈಗೆ ಸಿಕ್ಕ ವಸ್ತುವನ್ನು ಬಿಟ್ಟು ಬಂದಿದ್ದಿಲ್ಲ.

ಬಂಡೀಪುರ, ಮೂಲೆಹೊಳೆ, ಪುಣಜನೂರು ಚೆಕ್‌ಪೋಸ್ಟ್‌ಗಳಿಗೆ ಕಾರಿನ ನಂಬರು ಹೋಯಿತು. ಬಿಳಿ ಬಣ್ಣದ ಚಿಕ್ಕ ಕಾರು, ಹಿಂದಿನ ಸೀಟಿನಲ್ಲಿ ಹೂವಿನ ಚಿತ್ರದ ದಿಂಬು. ಈ ಜಿಲ್ಲೆಯ ಕಷ್ಟವೇ ಅದು. ಒಂದು ಕಡೆ ತಮಿಳುನಾಡು, ಇನ್ನೊಂದು ಕಡೆ ಕೇರಳ. ಗಡಿ ದಾಟಿದ ಕಾರು ಎರಡು ದಿನದಲ್ಲಿ ಬಾಗಿಲು, ಬಾನೆಟ್ಟು, ಎಂಜಿನ್ನು ಎಂದು ಬೇರೆ ಬೇರೆ ಗುಜರಿ ಅಂಗಡಿ ಸೇರಿರುತ್ತದೆ. ಸಂಜೆಯವರೆಗೆ ಏಳು ಬಿಳಿ ಕಾರುಗಳನ್ನು ತಡೆದರು. ಏಳೂ ಬೇರೆಯವರವು. ಒಂದರಲ್ಲಿ ಮದುಮಗನಿದ್ದ, ಮುಹೂರ್ತ ತಪ್ಪುತ್ತದೆಂದು ಚೆಕ್‌ಪೋಸ್ಟಿನವರ ಮೇಲೆ ರೇಗಾಡಿದ.

ಬುಧವಾರ ಬೆಳಿಗ್ಗೆ 9.10. ಮೃತ್ಯುಂಜಯ ಟೀ ಕುಡಿಯುತ್ತಾ ಆ ಸತ್ತ ರಿಮೋಟನ್ನು ಟಿಕ್ ಟಿಕ್ ಎಂದು ಒತ್ತುತ್ತಿದ್ದರು. ನಾಗಮಣಿಗೆ ತಲೆ ಕೆಟ್ಟಿತು.

"ಸಾ, ಅದನ್ನ ಒತ್ತೋ ಬದ್ಲು ಯಾಕೆ ಕೆಡ್ತು ಅಂತ ಯಾರ್ನಾದ್ರೂ ಕೇಳನ."

ಸಂತೆಮರಹಳ್ಳಿ ರಸ್ತೆಯಲ್ಲಿ ಕಾರುಗಳ ವೈರಿಂಗ್ ಕೆಲಸ ಮಾಡುವ ಕಿರಣ್ ಕುಮಾರನ ಅಂಗಡಿ. ಅವನು ಕೀಯನ್ನು ನೋಡಿದ ಕೂಡಲೇ ಗುರುತು ಹಿಡಿದ. ಸುನೀಲ್ ಹೋದ ವಾರವೇ ತಂದು ತೋರಿಸಿದ್ದ.

"ಸೆಲ್ ಹೊಸದು ಹಾಕ್ದೆ ಸಾರ್, ಆಗ್ಲಿಲ್ಲ. ಬಿಚ್ಚಿ ಬಟನ್ ಉಜ್ಜಿದೆ. ಇಲ್ಲಿ ನೋಡಿ," ಎಂದು ಅವನು ಕೀಯನ್ನು ಒಂದು ಚಿಕ್ಕ ಯಂತ್ರದ ಪಕ್ಕ ಹಿಡಿದು ಒತ್ತಿದ. ಕೆಂಪು ದೀಪ ಹೊತ್ತಿತು. "ಸಿಗ್ನಲ್ ಬರ್ತಾ ಅದೆ. ರಿಮೋಟ್ ಕೆಟ್ಟೇ ಇಲ್ಲ. ಕಾರೇ ಇದನ್ನ ಮರ್ತೋಗದೆ."

"ಕಾರು ಮರೆಯೋದಂದ್ರೆ?"

"ಈ ಮಾಡೆಲ್‌ನಲ್ಲಿ ಇನ್ನೊಂದು ರಿಮೋಟ್‌ನ ಕಾರಿಗೆ ಕಲಿಸಿದ್ರೆ, ಎದುರಿಗೆ ಇಲ್ದೇ ಇರೋ ರಿಮೋಟ್ ಅಳ್ಸೋಯ್ತದೆ. ಸ್ಟಾರ್ಟ್ ಮಾಡೋ ಚಿಪ್ ಬೇರೆ, ಅದು ಅಳಿಸಲ್ಲ. ಅದ್ಕೇ ಗಾಡಿ ಓಡ್ತಿತ್ತು. ಇನ್ನೊಂದು ಕೀ ಎಲ್ಲಿಟ್ಟಿದ್ದೀರಾ ಅಂತ ಅವ್ರನ್ನ ಕೇಳ್ದೆ. ಇಲ್ವೇ ಇಲ್ಲ ಅಂದ್ರು. ನಾನೂ ಸುಮ್ನಾದೆ."

"ಕಲಿಸೋಕೆ ಏನು ಬೇಕು?"

"ಕಾರು ಎದುರಿಗೇ ಇರ್ಬೇಕು. ತಿರುಗೋ ಕೀ ಒಂದು ಕೈಯಲ್ಲಿರ್ಬೇಕು."

ಮೃತ್ಯುಂಜಯ ಸುನೀಲನಿಗೆ ಫೋನ್ ಮಾಡಿದರು. ರಿಮೋಟ್ ಕೊನೆಯ ಸಲ ಕೆಲಸ ಮಾಡಿದ್ದು ಯಾವಾಗ? ಸುನೀಲ್ ಯೋಚಿಸಿ ಹೇಳಿದ: ನವೆಂಬರ್ 9, ಭಾನುವಾರ. ಗುಂಡ್ಲುಪೇಟೆಯಲ್ಲಿ ನೆಂಟರ ಬೀಗರೂಟ. ಹನ್ನೆರಡಕ್ಕೆ ಕಲ್ಯಾಣ ಮಂಟಪದ ಹಿಂದೆ ಕಾರು ನಿಲ್ಲಿಸಿ ಬಟನ್ ಒತ್ತಿದಾಗ ಲಾಕ್ ಆಯಿತು. ಎರಡೂವರೆಗೆ ಉಂಡು ಬಂದು ಒತ್ತಿದರೆ ತೆಗೆಯಲಿಲ್ಲ.

ಕಳ್ಳತನ ಶುರುವಾಗಿದ್ದು ಮಂಗಳವಾರವಲ್ಲ, ಬೀಗರು ಮುದ್ದೆ ಮುರಿಯುತ್ತಿದ್ದ ಆ ಎರಡೂವರೆ ಗಂಟೆಯೊಳಗೆ. ಜೀಪು ಗುಂಡ್ಲುಪೇಟೆ ಕಡೆ ತಿರುಗಿತು.

12.20. ಕಲ್ಯಾಣ ಮಂಟಪದ ಪಕ್ಕದಲ್ಲೇ ಚಿಕ್ಕಮಾದುವಿನ ಡೂಪ್ಲಿಕೇಟ್ ಕೀ ಅಂಗಡಿ. ಗೋಡೆ ತುಂಬ ನೇತುಹಾಕಿದ ಕೀಗಳು, ಮುಂದೆ ಒಂದು ಸ್ಟೂಲು. ಪೊಲೀಸರನ್ನು ಕಂಡು ಅವನು ಅರ ಕೆಳಗಿಟ್ಟ.

"ಒಂಬತ್ತನೇ ತಾರೀಖು ಇಲ್ಲಿ ಕಾರಿಗೆ ರಿಮೋಟ್ ಮಾಡಿಕೊಟ್ಟಿದ್ಯಾ?"

"ಕೊಟ್ಟೆ ಸಾ. ಬಿಳೀ ಕಾರು. ಕೀ ಹಾಕಿ ಬಾಗ್ಲು ತಗುದ್ರೆ ಗಾಡಿ ಕಿಟಾರಂತ ಕೂಗ್ಕಂಡ್ಬುಡ್ತು. ವಾಚ್‌ಮನ್ನೇ ಓಡ್ಬಂದು ನನ್ ಕರ್ದ. ರಿಮೋಟ್‌ಗೆ ಸೆಲ್ ಹಾಕ್ದೆ, ಆಗ್ನಿಲ್ಲ. ಆಮೇಲೆ ಕಾರ್ಗೆ ಕಲ್ಸ್‌ಬುಟ್ಟೆ. ಐದು ನಿಮ್ಷದ ಕೆಲ್ಸ."

"ಯಾರ ಕಾರು ಅಂತ ಕೇಳಿದ್ಯಾ? ಆರ್‌ಸಿ ನೋಡಿದ್ಯಾ?"

ಚಿಕ್ಕಮಾದು ಇಬ್ಬರ ಮುಖವನ್ನೂ ನೋಡಿದ. "ನರ್ಸಮ್ಮನ್ನ ಆರ್‌ಸಿ ಕೇಳದಾ ಸಾ? ನನ್ ಎರಡು ಮಕ್ಳಿಗೂ ಸೂಜಿ ಹಾಕಿರದು ಅವ್ರೇ. ಅದು ಅವ್ರ್ ಕಾರೇ. ಓದ್ವರ್ಸ ಈ ರಸ್ತೇಲೇ ಎಲ್ ಬೋರ್ಡ್ ಆಕ್ಕಂಡು ಕಲೀತಿದ್ರು."

"ನರ್ಸಮ್ಮ?" ಮೃತ್ಯುಂಜಯರ ಕೈಯಲ್ಲಿದ್ದ ರಿಮೋಟ್ ಟಿಕ್ ಎನ್ನುವುದು ನಿಂತಿತು. ನಿನ್ನೆಯಿಂದ ಅವರು ಕಳ್ಳ, ಅವನು, ಬಂದ, ಹೋದ ಎಂದೇ ಮಾತಾಡುತ್ತಿದ್ದರು.

"ಶಿವರುದ್ರಮ್ಮನೋರು. ರಿಟೈರ್ ಆಗವ್ರೆ."

"ಅವತ್ತೇ ಯಾಕೆ ತಗೊಂಡು ಹೋಗ್ಲಿಲ್ಲ?"

"ಹಿಂದೆ ಮೂರು ಗಾಡಿ ಅಡ್ಡ ನಿಂತಿದ್ವು. ಸುಮ್ನೆ ಒಳಗೆ ಕೂತಿದ್ರು, ಒಂದತ್ತು ನಿಮ್ಷ. ಯಾವ್ದೋ ಫೈಲ್ ತಗುದು ಓದ್ತಿದ್ರು. ಆಮೇಲೆ ಇಳ್ದು, ಚಪ್ಲಿ ಮೆಟ್ಕಂಡು ಹೊಂಟೋದ್ರು."

ನಾಗಮಣಿ ಪುಸ್ತಕದಿಂದ ತಲೆ ಎತ್ತಿದಳು. "ಚಪ್ಲಿ ಬುಟ್ಟು ಕಾರು ಹತ್ತಿದ್ರಾ?"

"ಊಂ ಕಣಕ್ಕ. ಸ್ಟೇರಿಂಗ್ ಮುಟ್ಟಿ ಕಣ್ಗೊತ್ಕಂಡು ಹತ್ತಿದ್ರು."

ನಾಗಮಣಿ ಮೊಬೈಲಿನಲ್ಲಿ ಚಪ್ಪಲಿಯ ಫೋಟೊ ತೋರಿಸಿದಳು. ಚಿಕ್ಕಮಾದು ಕಪ್ಪು ದಾರದ ಮೇಲೆ ಬೆರಳಿಟ್ಟು ತಲೆಯಾಡಿಸಿದ. ನಾಗಮಣಿ ಸಾಹೇಬರ ಕಡೆ ನೋಡದೆ ಫೋನು ಜೇಬಿಗೆ ಹಾಕಿಕೊಂಡಳು. ಅದೇ ಅವರಿಗೆ ಚುಚ್ಚಿತು.

1.30. ಶಿವರುದ್ರಮ್ಮನ ಮನೆ. ಮಗ ಮಲ್ಲಿಕಾರ್ಜುನಸ್ವಾಮಿ ಖಾಸಗಿ ಶಾಲೆಯ ಮೇಷ್ಟ್ರು. ಅಮ್ಮ ನಿನ್ನೆ ಬೆಳಿಗ್ಗೆ ಬಸ್ಸಿನಲ್ಲಿ ಹೋದರು, ಚಂದಕವಾಡಿಯಲ್ಲಿ ಆಸ್ಪತ್ರೆಯ ಹಳೆಯ ಆಯಾ ಚಿಕ್ಕನಿಂಗಮ್ಮನ ಮನೆಯಲ್ಲಿ ಎರಡು ದಿನ ಇದ್ದು ಬರುತ್ತಾರೆ ಎಂದ. ಅವರ ಫೋನು ಸ್ವಿಚ್ ಆಫ್ ಆಗಿತ್ತು.

"ಕಾರು ಯಾರದು?"

"ಅಮ್ಮ ರಿಟೈರ್ ಆದಾಗ ತಗೊಂಡ್ರು ಸಾರ್. ಹೆಸರು ನನ್ನದು. ಮಾರ್ಚ್‌ನಲ್ಲಿ ನಾನೇ ಮಾರಿದೆ. ಒಂದ್ಸಲ ಗೇಟಿಗೆ ಉಜ್ಜಿದ್ರು. ಈ ವಯಸ್ಸಿನಲ್ಲಿ ಯಾಕೆ ಬೇಕು ಅಂತ."

"ಅವರನ್ನ ಕೇಳಿದ್ರಾ?"

"ಅವ್ರು ಕಣ್ಣಿನ ಆಪರೇಷನ್‌ಗೆ ಹೋಗಿದ್ರು. ಬಂದ ಮೇಲೆ ಹೇಳಿದೆ. ಏನೂ ಜಗಳ ಆಡ್ಲಿಲ್ಲ ಸಾರ್. ಎರಡನೇ ಕೀ ಎಲ್ಲಮ್ಮ ಅಂದ್ರೆ ಕಳ್ದೋಗಿದೆ ಅಂದ್ರು."

ಸಂಜೆ 4.40ಕ್ಕೆ ಚಂದಕವಾಡಿ. ಚಿಕ್ಕನಿಂಗಮ್ಮ ಸೆರಗು ಸುತ್ತಿಕೊಂಡು ಬಾಗಿಲಿಗೆ ಬಂದರು. "ರಾತ್ರಿ ಇಲ್ಲೇ ಉಂಡ್ಲು. ಬೆಳಿಗ್ಗೆ ಹೊಂಟೋದ್ಲು ಕಣಪ್ಪ, ತಾನೇ ಓಡಿಸ್ಕಂಡು. ನಾನೂ ಬತ್ತಿನಿ ಅಂದೆ. ಬ್ಯಾಡ ಕಣಮ್ಮಿ ಅಂದ್ಲು. ಎಲ್ಲಿಗೆ ಅಂದ್ರೆ ಒಂದ್ ರೌಂಡು ಅಂದ್ಲು."

ಒಬ್ಬ ಪೇದೆಯನ್ನು ಅಲ್ಲೇ ಕಾವಲು ಬಿಟ್ಟರು. ಕತ್ತಲಾಯಿತು, ಆಕೆ ಬರಲಿಲ್ಲ. ಮೃತ್ಯುಂಜಯ ಚೆಕ್‌ಪೋಸ್ಟ್‌ಗಳಿಗೆ ಗಂಟೆಗೊಂದು ಸಲ ಫೋನ್ ಮಾಡಿ ಅವರಿಂದ ಬೈಸಿಕೊಳ್ಳುವುದೊಂದು ಬಾಕಿ. ಕಳ್ಳರು ಎಲ್ಲಿಗೆ ಹೋಗುತ್ತಾರೆ ಎಂಬುದು ಅವರಿಗೆ ಗೊತ್ತಿತ್ತು. ಈ ಹೆಂಗಸು ಎಲ್ಲಿಗೆ ಹೋಗಬಹುದು ಎಂದು ಊಹಿಸಲು ಆಗದೆ ಚಡಪಡಿಸಿದರು.

ಗುರುವಾರ ಬೆಳಿಗ್ಗೆ 7.45ಕ್ಕೆ ನಾಗಮಣಿ ಠಾಣೆಗೆ ಬಂದವಳೇ ನಿಂತುಕೊಂಡೇ ಹೇಳಿದಳು. "ಸಾ, ಆಕೆ ಕಾರಲ್ಲಿ ಫೈಲ್ ಓದಿದ್ರಂತಲ್ಲ. ಅದ್ರಲ್ಲಿ ಏನಿರ್ತದೆ? ಮಂಗಳವಾರ, ಗುರುವಾರ, ಶನಿವಾರ, ಒಂಬತ್ತು ಗಂಟೆ. ಅದನ್ನ ನೋಡೇ ಅಲ್ವಾ ಮಂಗಳವಾರ ಸರಿಯಾಗಿ ಇಲ್ಲಿಗೆ ಬಂದಿದ್ದು? ಮೂವತ್ತು ವರ್ಷ ನರ್ಸ್ ಆಗಿದ್ದೋರು. ಡಯಾಲಿಸಿಸ್ ಅಂದ್ರೆ ಏನು ಅಂತ ಗೊತ್ತಿಲ್ದೇ ಇರ್ತದಾ? ಇವತ್ತು ಗುರುವಾರ ಸಾ, ಕಾರು ತಂದು ಬುಡ್ತಾರೆ."

8.20. ಮಫ್ತಿಯಲ್ಲಿ ಇಬ್ಬರೂ ಆಸ್ಪತ್ರೆಯ ಹಿಂದಿನ ರಸ್ತೆಯಲ್ಲಿ ಎಳನೀರಿನ ಗಾಡಿಯ ಮರೆಯಲ್ಲಿ ನಿಂತರು. 8.42ಕ್ಕೆ ಬಿಳಿ ಕಾರು ಬಂತು. ಇಂಡಿಕೇಟರ್ ಹಾಕಿಕೊಂಡು, ಹಿಂದಿನಿಂದ ಹಾರ್ನ್ ಹೊಡೆದ ಆಟೋದವನಿಗೆ ದಾರಿ ಬಿಟ್ಟು, ಎರಡು ಸಲ ಮುಂದೆ ಹಿಂದೆ ಮಾಡಿ ಹೊಂಗೆ ಮರದ ಕೆಳಗೆ ಸರಿಯಾಗಿ ನಿಂತಿತು. ಕನ್ನಡಕ ಹಾಕಿದ, ಹಣೆಯಲ್ಲಿ ವಿಭೂತಿಯಿದ್ದ ಹೆಂಗಸು ಬರಿಗಾಲಿನಲ್ಲಿ ಇಳಿದರು. ರಿಮೋಟ್ ಒತ್ತಿದರು. ಕಾರು ಎರಡು ಸಲ ದೀಪ ಮಿಟುಕಿಸಿತು. ಆಮೇಲೆ ಅವರು ಬಗ್ಗಿ ಮರದ ಬುಡದ ಸುತ್ತ ಏನನ್ನೋ ಹುಡುಕತೊಡಗಿದರು.

ಮೃತ್ಯುಂಜಯ ಹತ್ತಿರ ಹೋದರು. "ಚಪ್ಪಲಿ ಸ್ಟೇಷನ್ನಲ್ಲಿದೆ ಅಮ್ಮ."

ಶಿವರುದ್ರಮ್ಮ ಗಾಬರಿಯಾಗಲಿಲ್ಲ. ಮೊದಲು ಚೀಲದಿಂದ ಡ್ರೈವಿಂಗ್ ಲೈಸೆನ್ಸ್ ತೆಗೆದು ಕೊಟ್ಟರು, ಆಮೇಲೆ ಕೀ. "ಫೈಲು ಸೀಟಿನ ಮೇಲೆ ಅದೆ ಸಾ. ಆ ತಾಯಿಗೆ ಹೊತ್ತಾಗ್ಬಾರ್ದು ಅಂತ ಬೇಗ್ನೇ ಬಂದೆ."

8.50ಕ್ಕೆ ನಾಗಮಣಿ ಅವರನ್ನು ದಸ್ತಗಿರಿ ಮಾಡಿದಳು. ಅದೇ ಹೊತ್ತಿಗೆ ಬಸ್ಸಿಳಿದು ಮಗನ ತೋಳು ಹಿಡಿದು ಬಂದ ರಾಚಮ್ಮ ಕಾರನ್ನು ನೋಡಿ ನಿಂತರು, ಬರಿಗಾಲಿನ ಹೆಂಗಸನ್ನೂ ನೋಡಿದರು. ಆಕೆ ಕಾರಿನ ಮೊದಲ ಒಡತಿ ಎಂದು ನಾಗಮಣಿ ಹೇಳಿದಳು. ಸುನೀಲ್ ಬಾಯಿಗೆ ಬಂದಂತೆ ಬೈಯತೊಡಗಿದ. ರಾಚಮ್ಮ ಅವನ ಕೈ ಅದುಮಿದರು.

"ಒಂದ್ಮಾತು ಕೇಳ್ಬುಡದಲ್ವಾ ಕಣವ್ವ? ನನ್ನೂ ಕೂರಿಸ್ಕಂಡು ಓಡಿಸ್ಬೋದಿತ್ತು."

"ತಪ್ಪಾಯ್ತು ತಾಯಿ," ಎಂದರು ಶಿವರುದ್ರಮ್ಮ. "ಇವತ್ತು ಮುಗಿದ್ಮೇಲೆ ಉಪ್ಪು ಕಮ್ಮಿ ತಿನ್ನಿ. ಫೈಲಲ್ಲಿ ಬಿಪಿ ನೋಡ್ದೆ."

11.30ಕ್ಕೆ ಠಾಣೆಯಲ್ಲಿ ಹೇಳಿಕೆ.

"ಎರಡು ದಿನ ಎಲ್ಲಿಗೆ ಹೋಗಿದ್ರಿ?"

"ಬೇಗೂರು, ತೆರಕಣಾಂಬಿ, ಹಂಗಳ. ಲಸಿಕೆ ಡಬ್ಬಿ ಹೊತ್ಕಂಡು ನಡೀತಿದ್ದ ಊರುಗಳು. ನಿನ್ನೆ ರಾತ್ರಿ ಹಂಗಳದಲ್ಲಿ, ನಾನು ಹೆರಿಗೆ ಮಾಡ್ಸಿದ ಹುಡ್ಗಿ ಮನೇಲಿ ಮಲಗಿದ್ದೆ."

"ಯಾರನ್ನ ನೋಡೋಕೆ?"

"ಯಾರ್ನೂ ಇಲ್ಲ."

"ಮತ್ತೆ ಯಾಕಮ್ಮ?"

ಶಿವರುದ್ರಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. "ಕಲೀವಾಗ ಪಕ್ಕದಲ್ಲಿ ಡ್ರೈವಿಂಗ್ ಸ್ಕೂಲಿನೋನು ಕೂತಿರ್ತಿದ್ದ. ಲೈಸೆನ್ಸ್ ಬಂದ್ಮೇಲೆ ಮಗ ಕೂತಿರ್ತಿದ್ದ. ಬ್ರೇಕು, ಬ್ರೇಕು, ಬ್ರೇಕು. ಒಂದಿನಾನೂ ನಾನೊಬ್ಳೇ ಓಡಿಸ್ನಿಲ್ಲ ಸಾ. ಅಷ್ಟ್ರೊಳಗೆ ಮಾರ್ಬುಟ್ಟ. ನನ್ಗೆ ಗಾಡಿ ಬ್ಯಾಡ. ಪಕ್ಕದ ಸೀಟು ಖಾಲಿ ಇಟ್ಕಂಡು ಒಂದ್ಸಲ ಓಡಿಸ್ಬೇಕಾಗಿತ್ತು."

ಮೃತ್ಯುಂಜಯರಿಗೆ ಹೋದ ಭಾನುವಾರ ತಾವು ಹೆಂಡತಿಯ ಪಕ್ಕ ಕೂತು ಕಿರುಚಿದ್ದು ನೆನಪಾಗಿ ನಾಚಿಕೆಯಾಯಿತು. ಅವರು ಹೇಳಿಕೆಯನ್ನು ಇದ್ದಂತೆಯೇ ಬರೆಸಿದರು. ಕಾರಿನ ಜಪ್ತಿ ಪಂಚನಾಮೆಯಲ್ಲಿ ನಾಗಮಣಿ ಟ್ರಿಪ್ ಮೀಟರಿನ ಅಂಕಿಯನ್ನೂ ಸೇರಿಸಿದಳು: 214 ಕಿಲೋಮೀಟರ್. ಬಾಡಿಯ ಮೇಲೆ ಹೊಸ ಗೀರು ಯಾವುದೂ ಇಲ್ಲ. ಕಾರನ್ನು ಸುನೀಲನಿಗೆ ಬಿಟ್ಟುಕೊಡಲು ನ್ಯಾಯಾಲಯದ ಆದೇಶ ಬೇಕು. ಆ ವರದಿಯನ್ನು ಮೃತ್ಯುಂಜಯ ಊಟಕ್ಕೆ ಮೊದಲೇ ಬರೆದರು. ಶನಿವಾರಕ್ಕೆ ಇನ್ನೊಂದೇ ದಿನವಿತ್ತು.

ಆಕೆಯನ್ನು ನ್ಯಾಯಾಧೀಶರ ಮುಂದೆ ಹಾಜರುಪಡಿಸಲು ಹೊರಟಾಗ 2.15. ಕೆಂಗಂದು ಚಪ್ಪಲಿ ಜಪ್ತಿಯಾದ ಮಾಲು, ವಾಪಸ್ಸು ಕೊಡುವಂತಿಲ್ಲ. ನಾಗಮಣಿ ತನ್ನ ಹವಾಯಿ ಚಪ್ಪಲಿ ತಂದು ಆಕೆಯ ಮುಂದಿಟ್ಟಳು. ಶಿವರುದ್ರಮ್ಮ ಅದನ್ನು ಮೆಟ್ಟಿಕೊಂಡು ಅಂಗಳ ದಾಟಿದರು. ಜೀಪಿನ ಬಾಗಿಲ ಹತ್ತಿರ ಆಕೆ ನಿಲ್ಲುತ್ತಾರೇನೋ ಎಂದು ನಾಗಮಣಿ ನೋಡಿದಳು. ಆಕೆ ನಿಲ್ಲಲಿಲ್ಲ, ಚಪ್ಪಲಿ ಹಾಕಿಕೊಂಡೇ ಹತ್ತಿ ಹಿಂದಿನ ಸೀಟಿನಲ್ಲಿ ಕೂತರು.